ಮಾಘದ ನೀರು

ದೀಪಾವಳಿ ಮುಗಿದ ಮೇಲೆ ಉಮರ್ಗಾದ ಆ ಮನೆ ಎರಡಾಯಿತು. ಅಣ್ಣ ಮನ್ಮಥಪ್ಪ, ತಮ್ಮ ಪಂಡಿತ ಇಬ್ಬರೂ ಕಿರಾಣಿ ಅಂಗಡಿಯನ್ನು ಜಗಳವಿಲ್ಲದೆ ಹಂಚಿಕೊಂಡರು. ಹಿತ್ತಲಿಗೆ ಬಂದಾಗ ಹಗ್ಗ ಹಿಡಿದು ನೆಟ್ಟಗೆ ಒಂದು ಗೆರೆ ಹಾಕಿ, ಅದರ ಮೇಲೆ ಮೊಣಕಾಲೆತ್ತರ ಇಟ್ಟಿಗೆ ಕಟ್ಟಿಸಿದರು. ಗಂಡಸರಿಗೆ ಹಿತ್ತಲೆಂದರೆ ಬರೀ ಜಾಗ. ಅಣ್ಣನ ಹೆಂಡತಿ ರಂಭಾಬಾಯಿಯ ದುಂಡುಮಲ್ಲಿಗೆಯ ಮಡಿ ಗೆರೆಯಾಚೆ ತಮ್ಮನ ಪಾಲಿಗೆ ಹೋಯಿತೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅವಳನ್ನು ಯಾರು ಕೇಳುತ್ತಿದ್ದರು?

ಮದುವೆಯಾಗಿ ಬಂದ ವರ್ಷ ಉದಗೀರದ ತವರಿನಿಂದ ಟೊಂಗೆ ತಂದು ಊರಿದ ಮಲ್ಲಿಗೆ ಅದು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ತಾಟು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಯಾರಿಗೆ ಬೊಗಸೆ ತುಂಬ, ಯಾರಿಗೆ ನಾಲ್ಕೇ ಮೊಗ್ಗು, ಯಾರಿಗೆ ಇವತ್ತು ಬಿಟ್ಟೇ ಇಲ್ಲವೆಂಬ ಸುಳ್ಳು ಎಂದು ನಿರ್ಧರಿಸುವ ಗತ್ತು ರಂಭಾಬಾಯಿಯದು. ಗಂಡನ ಮುಂದೆ, ಮಕ್ಕಳ ಮುಂದೆ ನಡೆಯದ ಅವಳ ಮಾತು ಆ ಮಡಿಯ ಹತ್ತಿರ ನಡೆಯುತ್ತಿತ್ತು. ಈಗ ಅದರ ಯಜಮಾನಿ ಪಂಡಿತನ ಹೆಂಡತಿ, ನೆಗೆಣ್ಣಿ ಮೀನಲ! ರಂಭಾಬಾಯಿಗೆ ಹೊಟ್ಟೆ ಉರಿದುಹೋಯಿತು. ಮಡಿ ತಿರುಗಿ ತನ್ನ ಕೈಗೆ ಬರಬೇಕು. ಅದೂ ಮೀನಲಳೇ ಬಂದು ಕೈಮುಗಿದು ಕೊಡಬೇಕು. ಇದೊಂದೇ ಹಟ ಹಿಡಿದು ಕೂತಳು.

ಸಂಕ್ರಾಂತಿಯ ದಿನ ದಾರಿ ತಾನಾಗಿ ಕಂಡಿತು. ಮೀನಲ ಎಳ್ಳುಬೆಲ್ಲದ ಉಂಡೆ ತಂದು ಕೈಗಿಟ್ಟು, ಹಿರಿಯಳ ಕಾಲಿಗೆ ನಮಸ್ಕಾರ ಮಾಡಿ ಕೇಳಿದಳು.

"ಅಕ್ಕಾ, ಆದದ್ದು ಆಗಿ ಹೋತು, ಬಿಡ್ರಿ. ಮಲ್ಲಿಗಿ ಎಲಿ ಹಳದಿ ಬೀಳ್ಲಿಕತ್ತಾವ. ನನಗ ಗಿಡದ್ದು ತಿಳಿಯಂಗಿಲ್ಲ. ಬ್ಯಾಸಗಿಗಿ ಛಲೋ ಹೂ ಬಿಡಬೇಕಂದ್ರ ಈಗ ಏನ ಮಾಡಬೇಕ್ರೀ?"

ಏನು ಮಾಡಬೇಕೆಂದು ರಂಭಾಬಾಯಿಗೆ ಚೆನ್ನಾಗಿ ಗೊತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಮಲ್ಲಿಗೆಗೆ ನೀರು ನಿಲ್ಲಿಸಬೇಕು. ಎಲೆಯೆಲ್ಲ ಉದುರಿ, ನೋಡಿದವರು ಗಿಡ ಸತ್ತೇಹೋಯಿತು ಅನ್ನಬೇಕು. ಆಗ ಟೊಂಗೆ ಕತ್ತರಿಸಿ, ಬುಡ ಕೆದರಿ ಬೇರಿಗೆ ಬಿಸಿಲು ತೋರಿಸಿ, ಗೊಬ್ಬರ ಕೊಟ್ಟು, ಮಾಘ ಮುಗಿಯುವ ಹೊತ್ತಿಗೆ ಹೊಟ್ಟೆ ತುಂಬ ನೀರು ಹಾಕಬೇಕು. ಅಷ್ಟು ದಿನ ಬಾಯಾರಿದ ಗಿಡ ಚೈತ್ರದಲ್ಲಿ ಮೈತುಂಬ ಮೊಗ್ಗಾಗುತ್ತದೆ. ಹಾಗಲ್ಲದೆ ದಿನವೂ ಕುಡಿಸುತ್ತ ಹೋದರೆ ಬರುವುದು ಬರೀ ಸೊಪ್ಪು.

ರಂಭಾಬಾಯಿ ಉಂಡೆಯನ್ನು ಬಾಯಿಗೆ ಹಾಕಿಕೊಂಡಳು. ಸಿಹಿಯಾಗಿ ಮಾತಾಡಿರೆಂದು ಕೊಡುವ ಉಂಡೆ ಅದು. ಅವಳ ಮಾತೂ ಸಿಹಿಯಾಗಿಯೇ ಬಂತು.

"ನೀರ ಕಡಿಮಿ ಬಿದ್ದಾವ ನೋಡು. ದಿನಾ ಮುಂಜಾನಿ ಸಂಜಿ ತಪ್ಪದಂಗ ಹಾಕು. ಕತ್ರಿ ಮಾತ್ರ ಹಚ್ಚಬ್ಯಾಡವ್ವಾ, ಗಿಡಾ ನೊಂದ್ಕೊತಾವ."

ಮೀನಲ ಹೇಳಿದಂತೆಯೇ ನಡೆದಳು. ಮಾಘವಿಡೀ ಆ ಗಿಡಗಳಿಗೆ ಒಂದು ಹೊತ್ತೂ ಉಪವಾಸವಿಲ್ಲ. ಹೋಳಿಯ ಹೊತ್ತಿಗೆ ನಳದ ನೀರು ವಾರಕ್ಕೊಮ್ಮೆ ಬರತೊಡಗಿ ಅವಳು ಕೈಚೆಲ್ಲುವ ಹಾಗಾದಾಗ, ರಂಭಾಬಾಯಿ ದೊಡ್ಡ ಮನಸ್ಸು ಮಾಡಿ, ತನ್ನ ಮನೆಯ ನೀರಿನ ಕೊಡವನ್ನೇ ಇಟ್ಟಿಗೆ ದಾಟಿಸಿ ಕೊಟ್ಟಳು! ಬೇರೆಯಾದರೂ ಎಂಥ ಪ್ರೀತಿ ಎಂದು ಓಣಿ ಕೊಂಡಾಡಿತು. ಇತ್ತ ಮನ್ಮಥಪ್ಪನ ಸ್ನಾನ ಅರ್ಧ ಬಕೆಟಿಗೆ ಇಳಿಯಿತು.

"ನಮಗೇ ನೀರಿಲ್ಲ, ಅವರಿಗ್ಯಾಕ ಕೊಡ್ತಿ?" ಎಂದು ಅವನು ಗುರುಗುಟ್ಟಿದ.

"ಪುಣ್ಯಾ ಬರ್ತದ. ನೀವು ಸುಮ್ಮಕಿರ್ರಿ."

ಗಿಡಗಳು ಹಸಿರಾಗಿ ಸೊಕ್ಕಿ ಬೆಳೆದವು. ಯುಗಾದಿ ಬಂತು, ಹೋಯಿತು. ಒಂದು ಮೊಗ್ಗೂ ಕಾಣಿಸಲಿಲ್ಲ.

ಆ ಚೈತ್ರದಲ್ಲಿ ಮೀನಲ ಓಣಿಯ ಹೆಂಗಸರನ್ನೆಲ್ಲ ಅರಿಶಿನ-ಕುಂಕುಮಕ್ಕೆ ಕರೆದಳು. ನಿಲಂಗಾದಿಂದ ಅವಳ ತಾಯಿ ಪ್ರಯಾಗಬಾಯಿಯೂ ಬಂದಿದ್ದಳು. ಮಾವಿನಕಾಯಿ ಹಾಕಿದ ಕಡಲೆಬೇಳೆ, ಪಾನಕ ಎಲ್ಲ ಇತ್ತು. ಮುಡಿಗೆ ಮಾತ್ರ ಬಸ್ ಸ್ಟ್ಯಾಂಡಿನಿಂದ ತಂದ, ಬಿಸಿಲಿಗೆ ಕಂದಿದ ಹೂವು. ನಿಮ್ಮ ಮಲ್ಲಿಗೆ ಏನಾಯಿತೆಂದು ಯಾರೋ ಕೇಳಿದ್ದೇ ತಡ, ರಂಭಾಬಾಯಿ ನಡುವೆ ಬಾಯಿ ಹಾಕಿದಳು.

"ಪಾಪ, ಆಕಿದೇನ ತಪ್ಪದ? ಹೂವಿನ ಗಿಡಕ್ಕ ಕೈಗುಣ ಬೇಕಾಗ್ತದ. ನನ್ನ ಕೈಯಾಗ ಇದ್ದಾಗ ಬುಟ್ಟಿಗಟ್ಲೆ ಬಿಡ್ತಿದ್ದವು. ಎಲ್ಲರ ಕೈ ಒಂದೇ ಇರ್ತಾವೇನು?"

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಮೀನಲಳ ಮುಖ ಸಣ್ಣದಾಯಿತು. ರಂಭಾಬಾಯಿಗೆ ಹೋಳಿಗೆ ಉಂಡಷ್ಟು ಸುಖ. ನಾಳೆಯಲ್ಲದಿದ್ದರೆ ನಾಡಿದ್ದು ಇವಳೇ ಬಂದು ಮಡಿ ಒಪ್ಪಿಸುತ್ತಾಳೆ ಎಂದುಕೊಂಡಳು. ಪ್ರಯಾಗಬಾಯಿ ಎದ್ದು ಹಿತ್ತಲಿಗೆ ಹೋಗಿ, ಮಡಿಯ ಮಣ್ಣು ಮುಟ್ಟಿ ನೋಡಿ ಬಂದದ್ದನ್ನು ಅವಳು ಕಂಡರೂ ಲೆಕ್ಕಕ್ಕಿಡಲಿಲ್ಲ.

ಮರುದಿನ ಮುಂಜಾನೆ ಗುದ್ದಲಿಯ ಸದ್ದು ಕೇಳಿ ರಂಭಾಬಾಯಿ ಹಿತ್ತಲಿಗೆ ಓಡಿದಳು. ಕೂಲಿಗೆ ಬಂದ ಮನೋಜ ತುದಿಯ ಗಿಡವನ್ನು ಆಗಲೇ ಬೇರುಸಮೇತ ಎತ್ತಿ ಹಾಕಿದ್ದ. ಮೀನಲ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಏ ಮೀನಲ, ಏನ ಮಾಡಸ್ಲಿಕತ್ತಿ?"

"ಫರಸಿ ಕಲ್ಲ ಹಾಸಸ್ತೀನ್ರಿ. ಗಾಡಿ ನಿಲ್ಲಸ್ಲಿಕ್ಕ ಆಗ್ತದ."

ಮೀನಲ ಅಳಬಹುದು, ಜಗಳಕ್ಕೆ ಬರಬಹುದು ಎಂದೆಲ್ಲ ಎಣಿಸಿದ್ದ ರಂಭಾಬಾಯಿಗೆ ಇದು ಕನಸಿನಲ್ಲೂ ಬಂದಿರಲಿಲ್ಲ. ಮಾನ ಮರ್ಯಾದೆ ಮರೆತು ಕೂಗಿದಳು.

"ನಿಲ್ಲಸ್ರೋ! ಗಿಡಾ ಸತ್ತಿಲ್ಲ! ನೀರ ಜಾಸ್ತಿ ಆಗ್ಯಾವ, ಅಷ್ಟೇ. ಮುಂದಿನ ಮಾಘದಾಗ ನೀರ ಬಂದ ಮಾಡು, ಎಲಿ ಉದರ್ಲಿ, ಟೊಂಗಿ ಕಡಿ, ಬುಡಕ್ಕ ಗೊಬ್ಬರಾ ಹಾಕು. ಬಿಡ್ತಾವ, ನನ್ನಾಣಿ, ಹೂ ಬಿಡ್ತಾವ!"

ಮನೋಜ ಗುದ್ದಲಿ ತಡೆದು ಮೀನಲಳ ಮುಖ ನೋಡಿದ.

"ಗೊತ್ತದರೀ," ಎಂದಳು ಮೀನಲ. "ನಿನ್ನೆ ನಮ್ಮವ್ವ ಕೇಳಿದ್ಳು, ಮಾಘದಾಗ ನೀರ ಹಾಕಂತ ನಿನಗ ಯಾರ ಹೇಳಿದ್ರು ಅಂತ. ಅಕ್ಕ ಹೇಳ್ಯಾರ ಅಂದೆ. ಅವ್ವಗೇ ಮದಲ ಕೇಳಬಹುದಿತ್ತು. ಗಿಡಾ ನಿಮ್ಮವು, ನಿಮಗೇ ಕೇಳೂದು ಸರಿ ಅಂತ ಕೇಳಿದ್ದೆ."

"ಗೊತ್ತಿದ್ದೂ ಕೀಳಸ್ತಿಯೇನು?"

"ಹೂ ಬಿಡ್ತಾವಂತ ಗೊತ್ತಾದ ಮ್ಯಾಲೇ ಇವನಿಗಿ ಕರಿಸೀನ್ರಿ. ಬಿಡಂಗಿಲ್ಲ ಅಂತ ತಿಳ್ಕೊಂಡಿದ್ದಾಗ, ನಿಮ್ಮ ಕೈಗುಣ ಛಲೋ ಅದ, ನಿಮಗೇ ಕೊಟ್ಟಬಿಡೂಣು ಅಂತ ಇದ್ದೆ."

ಗುದ್ದಲಿ ಮತ್ತೆ ಬಿತ್ತು. ಎರಡನೆಯ ಗಿಡ ಹೊರಳಿತು. ರಂಭಾಬಾಯಿ ಇಟ್ಟಿಗೆಯ ಮೇಲೆ ಬಗ್ಗಿ ಕೈ ಚಾಚಿದಳು.

"ಒಂದ ಟೊಂಗಿನಾರ ಕೊಡು, ಮೀನಲ. ನನ್ನ ತವರಮನಿದವು. ಈ ಕಡಿ ಹಚ್ಕೊತೀನಿ. ನಿನ್ನ ಕಾಲ ಬೀಳ್ತೀನಿ, ಒಂದೇ ಟೊಂಗಿ."

ಮೀನಲ ಬಗ್ಗಿ ಒಂದು ಟೊಂಗೆ ಎತ್ತಿಕೊಂಡಳು. ಅದನ್ನು ತಿರುವಿ ನೋಡಿದಳು. ಕೊಡುತ್ತಾಳೆಂದೇ ರಂಭಾಬಾಯಿ ಸೆರಗು ಒಡ್ಡಿದಳು.

"ಯಾಕ್ರೀ ಅಕ್ಕಾ, ದಿನಾ ನೀರ ಹಾಕ್ಲಿಕ್ಕೇನು?" ಎಂದು ಮೀನಲ ಟೊಂಗೆಯನ್ನು ಎರಡಾಗಿ ಮುರಿದು ಕಿತ್ತ ಗಿಡಗಳ ಗುಡ್ಡೆಗೆ ಎಸೆದಳು. "ಮನೋಜ, ಬೇರ ಒಂದೂ ಉಳೀಬಾರ್ದು ನೋಡು."

ರಂಭಾಬಾಯಿ ಬಯ್ಯಲೆಂದು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಅಳು ಬಂತು. ಮೀನಲ ಮನೋಜನಿಗೆ ಚಹಾ ಮಾಡಲು ಒಳಗೆ ಹೋದಳು.