ಪರಾಗಕಣದ ಬಾಗಿಲು

ನಾನೊಂದು ಬಾಗಿಲು. ತೇಗದ್ದಲ್ಲ, ಕಬ್ಬಿಣದ್ದೂ ಅಲ್ಲ. ಟೊಮ್ಯಾಟೊ ಹೂವಿನ ಒಂದು ಪರಾಗಕಣದ ಪೊರೆಯಲ್ಲಿ ಕೂತ, ಪ್ರೋಟೀನಿನಿಂದಾದ ಬಾಗಿಲು. ಕಣವೇ ನಿಮ್ಮ ಕಣ್ಣಿಗೆ ಹಳದಿ ಧೂಳು. ಇನ್ನು ನಾನು ಕಾಣುವ ಮಾತೆಲ್ಲಿ ಬಂತು? ನನಗೆ ಬೀಗವಿಲ್ಲ, ತಟ್ಟುವವರಿಲ್ಲ. ಒಳಗೆ ನೀರು ಹೆಚ್ಚಿ ಪೊರೆ ಬಿಗಿದು ಎಳೆದಾಗ ಮಾತ್ರ ತೆರೆಯುತ್ತೇನೆ. ಒಳಗಿನ ಉಪ್ಪಿನಂಶವನ್ನು ಒಂದಿಷ್ಟು ಹೊರಗೆ ಬಿಡುತ್ತೇನೆ. ಅದರ ಬೆನ್ನಿಗೆ ನೀರೂ ಹೊರಡುತ್ತದೆ, ಕಣ ಒಡೆಯದೆ ಉಳಿಯುತ್ತದೆ. ಈ ಕೆಲಸಕ್ಕೆ ಶಹಬ್ಬಾಸ್ ಅಂದವರನ್ನು ನಾನು ಕಂಡಿಲ್ಲ.

ಹುಟ್ಟಿದ್ದು ರಾಣೆಬೆನ್ನೂರು ಕಡೆಯ ಒಂದು ಬೀಜೋತ್ಪಾದನೆಯ ಹೊಲದಲ್ಲಿ, ಪರಾಗಕ್ಕೆಂದೇ ಬೆಳೆಸುವ ಗಂಡು ಸಾಲಿನ ಹೂವಿನೊಳಗೆ. ಹೂವು ಪೂರ್ತಿ ಅರಳುವ ಮೊದಲೇ ಕಿತ್ತರು. ಬಲ್ಬಿನ ಕೆಳಗೆ ಒಣಗಿಸಿ, ಬಟ್ಟಲಿಗೆ ಹಾಕಿ, ತೆಳು ಬಟ್ಟೆ ಕಟ್ಟಿ ಅಲುಗಾಡಿಸಿ ಸೋಸಿದರು. ನೀರೆಲ್ಲ ಇಂಗಿ ನಮ್ಮ ಕಣ ಒಣದ್ರಾಕ್ಷಿಯಂತೆ ಸುಕ್ಕಾಯಿತು. ಪೊರೆ ಸಡಿಲವಾದ್ದರಿಂದ ನನಗೆ ಕೆಲಸವಿರಲಿಲ್ಲ. ಇಡೀ ಜೀವಮಾನದಲ್ಲಿ ಸಿಕ್ಕ ವಿಶ್ರಾಂತಿ ಅಷ್ಟೇ.

ಆಮೇಲೆ ಫಕ್ಕೀರವ್ವನ ಬೆರಳಿಗೆ ಬಂದೆವು. ಅಲ್ಲಿಯ ಹೆಂಗಸರು ಬೆರಳಿಗೊಂದು ಪ್ಲಾಸ್ಟಿಕ್ ಉಂಗುರ ಹಾಕಿಕೊಳ್ಳುತ್ತಾರೆ. ಅದರ ಮೇಲೊಂದು ಪುಟ್ಟ ಗುಳಿ, ಗುಳಿಯಲ್ಲಿ ಪರಾಗ. ಹೆಣ್ಣು ಸಾಲಿನ ಹೂಗಳಲ್ಲಿ ಗಂಡು ಭಾಗವನ್ನು ಹಿಂದಿನ ದಿನವೇ ಕಿತ್ತಿರುತ್ತಾರೆ. ಬೆಳಿಗ್ಗೆ ನಡುವಿನ ಹಸಿರು ಕಡ್ಡಿಯ ತುದಿಯನ್ನು ಉಂಗುರದಲ್ಲಿ ಅದ್ದಿ, ಗುರುತಿಗೆಂದು ಹೂವಿನ ಬುಡದ ಎರಡು ಹಸಿರು ದಳ ಕತ್ತರಿಸಿ ಮುಂದೆ ಸಾಗುತ್ತಾರೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಫಕ್ಕೀರವ್ವನಿಗೆ ಈಗ ಕಣ್ಣು ಮಂಜು. ಯಾರಿಗೂ ಹೇಳಿರಲಿಲ್ಲ. ಹೊಲ ನೋಡಿಕೊಳ್ಳುವ ಕೊಟ್ರೇಶನಿಗೆ ಅನುಮಾನ ಬಂದು, ಈ ವಾರ ಅವಳ ಸಾಲು ಕಾಯಿ ಕಟ್ಟದಿದ್ದರೆ ಕಳೆ ಕೀಳಲು ಹಚ್ಚುವುದಾಗಿ ಹೇಳಿದ್ದ. ಕೆಲಸವೇನೂ ಹೋಗುತ್ತಿರಲಿಲ್ಲ. ಆದರೆ ಫಕ್ಕೀರವ್ವ ಮುಟ್ಟಿದ ಹೂವು ಉದುರುವುದಿಲ್ಲ ಎಂದು ಸುತ್ತಲ ಹೊಲಗಳಲ್ಲೆಲ್ಲ ಮಾತಿತ್ತು. ಆ ಹೆಸರು ಹೋಗುತ್ತದಲ್ಲ ಎಂದು ಅವಳು ಹೆದರಿದ್ದಳು.

ಆ ಬೆಳಿಗ್ಗೆ ಉಳಿದವರೆಲ್ಲ ಇಬ್ಬನಿ ಆರಲೆಂದು ಬದುವಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಕೈ ನಿಧಾನವಾಗಿದ್ದ ಇವಳಿಗೆ ಸಾಲು ಹಿಂದೆ ಬೀಳುವ ಭಯ. ಆರಿರಬೇಕು ಎಂದುಕೊಂಡು ಒಬ್ಬಳೇ ಇಳಿದಳು. ಅರ್ಧ ಸಾಲು ಮುಗಿದ ಮೇಲೆ ಬೆರಳ ತುದಿ ತಣ್ಣಗಾಗಿ ಗಕ್ಕನೆ ನಿಂತಳು. ಹೂವಿನ ತುದಿಗಳಲ್ಲಿ ಇನ್ನೂ ಹನಿಯಿತ್ತು. ಉಂಗುರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬದುವಿಗೆ ಹೋಗಿ ಕೂತಳು.

ನಾನು ಅಷ್ಟರಲ್ಲಿ ಉಂಗುರದಿಂದ ಒಂದು ಹೂವಿನ ಕಡ್ಡಿಯ ತುದಿಗೆ ದಾಟಿ, ಅಲ್ಲಿಯ ಹನಿಯೊಳಗಿದ್ದೆ. ಹೂವು ತಾನಾಗಿ ಕೊಡುವ ನೀರು ಬಾಣಂತಿಗೆ ಉಣಿಸಿದ ಹಾಗೆ, ಹದವಾಗಿ, ಸ್ವಲ್ಪ ಸ್ವಲ್ಪ. ಇಬ್ಬನಿಗೆ ಆ ಹದ ಗೊತ್ತಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಹಾಗಾಯಿತು. ಒಣಗಿದ್ದ ಕಣ ಗಟಗಟನೆ ಕುಡಿದು ಉಬ್ಬಿತು. ಅಕ್ಕಪಕ್ಕದ ಕಣಗಳು ಒಂದೊಂದಾಗಿ ಒಡೆದವು. ನಾನೂ ನನ್ನಂಥ ಉಳಿದ ಬಾಗಿಲುಗಳೂ ತೆರೆದೆವು, ಉಪ್ಪು ಬಿಟ್ಟೆವು, ಮುಚ್ಚಿದೆವು, ಮತ್ತೆ ತೆರೆದೆವು. ಹಾಗಂತ ಹೆಚ್ಚು ಬಿಡುವಂತೆಯೂ ಇಲ್ಲ. ಒಳಗೆ ಬಿಗಿಯೇ ಉಳಿಯದಿದ್ದರೆ ಕಣ ಮೊಳೆಯುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಾಗ ನೇಗಿಲು ಹಿಡಿದವನ ಪಾಡು ನನ್ನದು. ಬಿಸಿಲೇರಿ ಹನಿ ಆರುವ ಹೊತ್ತಿಗೆ ಸಾಕುಸಾಕಾಗಿತ್ತು. ಆದರೂ ನಮ್ಮ ಕಣ ಉಳಿದಿತ್ತು, ನಮ್ಮ ಹಾಗೆ ಇನ್ನೂ ಕೆಲವು ಉಳಿದಿದ್ದವು.

ಕಣ ಒಂದು ನಾಳ ಚಾಚಿತು. ಕಡ್ಡಿಯೊಳಗೆ ಇಳಿಯುತ್ತ ಹೋದೆವು, ದಾರಿಯುದ್ದಕ್ಕೂ ಅದೇ ಕಾವಲು. ಅಂಡದ ಹತ್ತಿರ ಬಂದಾಗ ತಿಳಿಯಿತು, ಇಲ್ಲಿ ನಾಳ ಒಡೆಯಲೇಬೇಕು. ಒಡೆದರೇ ಒಳಗಿನ ಜೀವ ಅಂಡ ಸೇರಿ ಬೀಜವಾಗುವುದು. ಹುಟ್ಟಿದಾಗಿನಿಂದ ಒಡೆಯದಂತೆ ಕಾದ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ನಿಜ ಹೇಳಬೇಕೆಂದರೆ, ಕೊನೆಗೆ ಮನಸ್ಸು ಹಗುರವಾಯಿತು. ನಾಳ ಒಡೆಯಿತು. ನಾನು ತಡೆಯಲಿಲ್ಲ.

ಈಗ ಹರಿದ ಪೊರೆಯ ಚೂರಿಗೆ ಅಂಟಿಕೊಂಡು ಎಳೆಗಾಯಿಯ ಮೂಲೆಯಲ್ಲಿದ್ದೇನೆ. ಕರಗುವುದೊಂದೇ ಬಾಕಿ. ವಾರ ಕಳೆದು ಕೊಟ್ರೇಶ ಬಂದು ಸಾಲು ನೋಡಿದ. ಕೆಲವು ಹೂ ಉದುರಿದ್ದವು, ಹೆಚ್ಚಿನವು ಕಾಯಿ ಕಟ್ಟಿದ್ದವು. ಸುಮ್ಮನೆ ಅನುಮಾನ ಪಟ್ಟೆ ಎಂದು ನಕ್ಕು, ಮುಂದಿನ ಸಾಲೂ ಅವಳಿಗೇ ಎಂದ.

ಫಕ್ಕೀರವ್ವ ನಮ್ಮ ಕಾಯಿಯನ್ನು ಬೆರಳಿನಿಂದ ಸವರುತ್ತ ನಿಂತಳು. ಬದುಕಿದೆಯಾ ಬಡಜೀವವೇ ಎಂದು ಮನೆಗೆ ಹೋಗಬಹುದಿತ್ತು.

“ತಮ್ಮಾ, ಇವನ್ನ ಇಬ್ಬನ್ಯಾಗ ಮುಟ್ಟೀನಿ,” ಎಂದಳು. “ಹನಿ ಕಣ್ಣಿಗೆ ಕಾಣಲಿಲ್ಲ. ಹೆಂಗೋ ತಡಕೊಂಡು ಉಳದಾವ, ನನ್ನ ಕೈಗುಣ ಅಲ್ಲ.”

ಕೊಟ್ರೇಶ ಅತ್ತಿತ್ತ ನೋಡಿದ. “ಯಾರೂ ಕೇಳಿಲ್ಲ, ದೊಡ್ಡವ್ವಾ. ಸುಮ್ಮನಿರು.”

“ಇನ್ನ ಎಷ್ಟು ದಿನ ತಡಕೊಳ್ಳಲೋ? ಸಾಕಾಗೇತಿ. ನಾಳಿಂದ ಕಳೆ ಕೀಳತೀನಿ.”

ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟಳು. ಅಳುತ್ತಾಳೇನೋ ಎಂದು ಅವನು ಅವಳ ಮುಖ ನೋಡಿದ. ಅವಳು ಉದ್ದಕ್ಕೊಂದು ಉಸಿರು ಬಿಟ್ಟಳು ಅಷ್ಟೇ. ಅವನಿಗೆ ಅರ್ಥವಾಗಲಿಲ್ಲ, ನನಗಾಯಿತು.