ಬಾಗಿಲ ಪಕ್ಕದ ಎಕ್ಸ್‌ಚೇಂಜು

ಅಮ್ಮ ಮನೆ ಬಿಟ್ಟು ಹೊರಗೆ ಹೋಗದಿರಲಿ ಎಂದು ನನ್ನ ತಂಗಿ ಒಂದು ಯಂತ್ರ ಮಾಡಿದಳು. ಅದನ್ನು ಗೋಡೆಗೆ ಹಾಕಿದ ಮೇಲೆ ಅಮ್ಮ ಇನ್ನೂ ಹೆಚ್ಚು ಹೊರಗೆ ಹೋಗತೊಡಗಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ!

ತಂಗಿ ಎಂಜಿನಿಯರು. ಮರೆವಿನ ಕಾಯಿಲೆಯವರಿಗೆ ನೆರವಾಗುವ ಸಾಧನಗಳನ್ನು ಮಾಡುವುದೇ ಅವಳ ಕೆಲಸ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತ ಅಮ್ಮನನ್ನು ನೋಡಿಕೊಳ್ಳುವವಳು. ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರೆ ನನಗೆ ಬೀದಿಬಾಗಿಲು ಕಾಣುವುದಿಲ್ಲ. ಮಧ್ಯಾಹ್ನವಾದರೆ ಸಾಕು, ಅಮ್ಮ ಡ್ಯೂಟಿಗೆ ಹೊರಡುತ್ತಾಳೆ. ಡ್ಯೂಟಿ ಎಂದರೆ, ಯಾವ ಕಾಲದಲ್ಲೋ ಮುಚ್ಚಿಹೋದ ಟೆಲಿಫೋನ್ ಎಕ್ಸ್‌ಚೇಂಜು.

ತಂಗಿಯ ಯಂತ್ರ ಒಂದು ಪುಟ್ಟ ಪೆಟ್ಟಿಗೆ. ಅಮ್ಮ ಬಾಗಿಲ ಹತ್ತಿರ ಬಂದರೆ ಅದರೊಳಗಿಂದ ತಂಗಿಯ ದನಿ ಬರುತ್ತಿತ್ತು: "ಅಮ್ಮಾ, ಇವತ್ತು ರಜ. ಮನೇಲೇ ಇರು." ಅಮ್ಮ ಅಷ್ಟು ಕೇಳಿದ್ದೇ ತಡ, ತಲೆ ತಗ್ಗಿಸಿ ಹೊರಗೆ ನಡೆದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಳ್ಳುತ್ತಿದ್ದಳು. ಎರಡು ಸಲ ಅಂಗಡಿಯವರು ಕರೆತಂದರು. ಮೂರನೆಯ ಸಲ ಬಸ್ ಸ್ಟಾಪಿನಲ್ಲಿ ನಮ್ಮಣ್ಣನ ಕಣ್ಣಿಗೇ ಬಿದ್ದಳು.

"ಇನ್ನು ಸಾಕು. ವೃದ್ಧಾಶ್ರಮದಲ್ಲಿ ರೂಮ್ ನೋಡಿದ್ದೀನಿ. ಭಾನುವಾರ ಕರ್ಕೊಂಡು ಹೋಗ್ತೀನಿ" ಎಂದ ಅಣ್ಣ.

ರೂಮ್ ನೋಡಿದ್ದಾನಂತೆ, ಮಹರಾಯ! ಅಮ್ಮನನ್ನು ನೋಡಲು ಮಾತ್ರ ಅವನಿಗೆ ಪುರಸೊತ್ತಿಲ್ಲ. ಮೈಯೆಲ್ಲ ಉರಿದುಹೋಯಿತು. ಅವನ ಮೇಲಿನ ಸಿಟ್ಟನ್ನು ಅಮ್ಮನ ಮೇಲೆ ತೀರಿಸಿಕೊಂಡೆ.

"ಮನೇಲಿರು ಅಂತ ಅಷ್ಟು ಬಡ್ಕೊಳ್ತಿದೆಯಲ್ಲ ಆ ಪೆಟ್ಟಿಗೆ, ಯಾಕಮ್ಮ ಹೊರಗೆ ಹೋಗ್ತೀಯ?"

ಅಮ್ಮ ನನ್ನನ್ನೇ ಬುದ್ಧಿ ಕಲಿಯದವಳು ಎಂಬಂತೆ ನೋಡಿದಳು. "ಯಾರೋ ತಾಯಿ ಮಗಳು ಮಾತಾಡ್ತಿರ್ತಾರೆ ಕಣೆ. ಇನ್ನೊಬ್ಬರ ಮಾತಿಗೆ ಕಿವಿ ಕೊಡಬಾರ್ದು. ಅದು ತಪ್ಪು."

ಆಗ ನನಗೆ ಹೊಳೆಯಿತು. ಎಕ್ಸ್‌ಚೇಂಜಿನಲ್ಲಿ ಅಮ್ಮ ಆಪರೇಟರ್. ಸ್ಕೂಲು ಬಿಟ್ಟ ಮೇಲೆ ನಾವು ಮೂವರೂ ಅಲ್ಲಿಗೇ ಓಡಿ, ಅವಳ ಕುರ್ಚಿಯ ಹಿಂದೆ ನೆಲದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆವು. ಎದುರಿಗೆ ಗೋಡೆಯುದ್ದ ಬೋರ್ಡು, ಸಾಲುಸಾಲು ತೂತು, ತೂತಿಗೊಂದು ದೀಪ. ದೀಪ ಹೊತ್ತಿಕೊಂಡರೆ ಅಮ್ಮ ವೈರು ಚುಚ್ಚಿ, ಮನೆಯಲ್ಲಿ ಎಂದೂ ಕೇಳದ ನಯವಾದ ದನಿಯಲ್ಲಿ "ಎಕ್ಸ್‌ಚೇಂಜ್, ಹೇಳಿ" ಎನ್ನುತ್ತಿದ್ದಳು. ಲೈನು ಕೊಟ್ಟ ಮರುಕ್ಷಣ ತಾನು ಆಚೆ ಸರಿಯುತ್ತಿದ್ದಳು. ಊರಿನ ಗುಟ್ಟೆಲ್ಲ ಅವಳ ಬೆರಳ ತುದಿಯಲ್ಲೇ ಹರಿಯಿತು, ಒಂದನ್ನೂ ಕೇಳಲಿಲ್ಲ. ಆ ಕೋಣೆಯ ಬಿಸಿ ವೈರಿನ ವಾಸನೆ ನನಗೆ ಈಗಲೂ ಬೇಕೆನಿಸುತ್ತದೆ. ಆ ದಿನಗಳು ಎಷ್ಟು ಚೆನ್ನಾಗಿದ್ದವು!

ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ನಕ್ಕಳು, ಆಮೇಲೆ ಅತ್ತಳು.

"ನಾನೆಂಥ ಪೆದ್ದಿ ಅಕ್ಕ! ಅಮ್ಮನಿಗೆ ಫೋನ್ ಬಂದಿದೆ ಅಂತ ಗೊತ್ತಾಗೋದಾದ್ರೂ ಹೇಗೆ? ದೀಪನೇ ಹತ್ತಲಿಲ್ಲವಲ್ಲ."

ಶನಿವಾರ ಅವಳು ಹೊಸ ಬೋರ್ಡು ತಂದು ಬಾಗಿಲ ಪಕ್ಕ ಹಾಕಿದಳು. ನಾಲ್ಕು ದೀಪ, ನಾಲ್ಕು ತೂತು, ಎರಡು ವೈರು, ಒಂದು ಹೆಡ್‌ಫೋನು, ಮುಂದೊಂದು ಸ್ಟೂಲು. ಅಮ್ಮ ಬಾಗಿಲ ಹತ್ತಿರ ಬಂದರೆ ದೀಪ ಹತ್ತುತ್ತದೆ, ಗಂಟೆ ಬಾರಿಸುತ್ತದೆ, ಅದೇ ಹೊತ್ತಿಗೆ ನಮ್ಮಲ್ಲೊಬ್ಬರ ಮೊಬೈಲಿಗೂ ಕರೆ ಬರುತ್ತದೆ. "ರೆಕಾರ್ಡ್ ಮಾಡಿದ ಮಾತು ಬೇಡ. ಯಾರಾದ್ರೂ ನಿಜವಾಗ್ಲೂ ಮಾತಾಡ್ಬೇಕು. ಅಣ್ಣನ ನಂಬರೂ ಹಾಕಿದ್ದೀನಿ" ಎಂದಳು.

ಭಾನುವಾರ ಅಣ್ಣ ಬಂದ. ಒಳಕೋಣೆಯಲ್ಲಿ ಅಮ್ಮನ ಸೀರೆಗಳನ್ನು ಬ್ಯಾಗಿಗೆ ತುಂಬುತ್ತ, "ಈ ಆಟದ ಸಾಮಾನು ನಂಬ್ಕೊಂಡು ಕೂತ್ರೆ ಆಯ್ತು" ಎಂದು ಗೊಣಗಿದ. ಅಷ್ಟರಲ್ಲಿ ಆಚೆ ಗಂಟೆ ಬಾರಿಸಿತು, ಅವನ ಜೇಬಿನಲ್ಲೂ ಮೊಬೈಲು ಬಡಿದುಕೊಂಡಿತು. ನಾನು ಕತ್ತು ಚಾಚಿ ನೋಡಿದೆ. ಚಪ್ಪಲಿ ಮೆಟ್ಟಿ ಹೊರಟಿದ್ದ ಅಮ್ಮ ನಿಂತಳು. ದೀಪ ನೋಡಿದಳು. ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತು, ಹೆಡ್‌ಫೋನು ಹಾಕಿ, ಉರಿಯುವ ದೀಪದ ಕೆಳಗಿನ ತೂತಿಗೇ ವೈರು ಚುಚ್ಚಿದಳು. ಒಂದಿಷ್ಟೂ ತಡವರಿಸಲಿಲ್ಲ.

"ಎತ್ತಣ್ಣ! ಅಮ್ಮ ಕಾಯ್ತಿದ್ದಾಳೆ" ಎಂದೆ.

ಎತ್ತಿದ. "ಎಕ್ಸ್‌ಚೇಂಜ್, ಹೇಳಿ" ಎಂಬ ದನಿ ಮೊಬೈಲಿನಿಂದ ನನಗೂ ಕೇಳಿಸಿತು. ಅದೇ ದನಿ, ಅಷ್ಟೇ ನಯ. ಅಣ್ಣನ ಕೈಯಲ್ಲಿದ್ದ ಸೀರೆ ಕೆಳಗೆ ಬಿತ್ತು.

"ಹೇಳಿ ಸರ್, ಯಾರು ಬೇಕಿತ್ತು?"

"ಅಮ್ಮ" ಎಂದ ಅವನು. "ನಮ್ಮಮ್ಮ ಬೇಕಿತ್ತು."

"ಗಾಬರಿಯಾಗ್ಬೇಡಿ ಸರ್. ಲೈನಲ್ಲೇ ಇರಿ, ಹುಡುಕಿ ಕೊಡ್ತೀನಿ."

ಅಮ್ಮ ಹುಡುಕತೊಡಗಿದಳು. ಇನ್ನೊಂದು ವೈರನ್ನು ಒಂದು ತೂತಿಗೆ ಚುಚ್ಚಿದಳು, ಕಿತ್ತು ಮತ್ತೊಂದಕ್ಕೆ ಚುಚ್ಚಿದಳು, ಮತ್ತೆ ಕಿತ್ತಳು. ಅಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು ಮಂಚದ ಮೇಲೆ ಕುಸಿದು ಕೂತ. ಕಣ್ಣೀರನ್ನು ಒರೆಸಿಕೊಳ್ಳಲೂ ಇಲ್ಲ.

ಬಹಳ ಹೊತ್ತಾದ ಮೇಲೆ ಅಮ್ಮ ಸೋತ ದನಿಯಲ್ಲಿ ಹೇಳಿದಳು: "ಕ್ಷಮಿಸಿ ಸರ್, ಇವತ್ತು ಅವರು ಸಿಗ್ತಿಲ್ಲ. ನಾಳೆ ಮಾಡ್ತೀರಾ?"

"ಮಾಡ್ತೀನಿ" ಎಂದ ಅಣ್ಣ. "ನೀವು ಡ್ಯೂಟೀಲಿ ಇರ್ತೀರಲ್ಲ?"

"ನಾನೆಲ್ಲಿಗೆ ಹೋಗ್ತೀನಿ ಸರ್? ಇಲ್ಲೇ ಇರ್ತೀನಿ."