ಚಿತ್ರದ ಹಿಂದಿನ ರಟ್ಟು

ಹರಾಜು ಸಂಸ್ಥೆಯ ತಜ್ಞ ನಮ್ಮ ಫ್ರೇಮ್ ಅಂಗಡಿಗೆ ಬಂದು ಹೋದ ಮೇಲೆ ಅಪ್ಪ ಎರಡು ದಿನ ಗರಗಸ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂರುವುದು, ಏಳುವುದು, ಬಾಗಿಲಿಗೆ ಹೋಗಿ ರಸ್ತೆ ನೋಡುವುದು, ಮತ್ತೆ ಬಂದು ಕೂರುವುದು. ನನಗೂ ಅದೇ ಅಂಟಿಕೊಂಡಿತು. ಒಂದೇ ಗಾಜನ್ನು ಎರಡು ಸಲ ತಪ್ಪಾಗಿ ಕೊಯ್ದೆ.

ತಜ್ಞ ಬಂದದ್ದು ಟೀಚರಮ್ಮನ ಚಿತ್ರದ ವಿಷಯಕ್ಕೆ. ಐದನೇ ತರಗತಿಯಲ್ಲಿ ನನಗೆ ಲೆಕ್ಕ ಕಲಿಸಿದವರು ಅವರು. ಈಗ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಲಿಫ್ಟ್ ಇಲ್ಲ. ಕಾಲು ಕೈಕೊಟ್ಟಿತು ಎಂದು ಅವರೇ ನಗುತ್ತಾರೆ. ನಾಲ್ಕು ತಿಂಗಳಿಂದ ಕೆಳಗಿಳಿದಿಲ್ಲ, ತರಕಾರಿಯನ್ನು ಬುಟ್ಟಿಗೆ ಹಗ್ಗ ಕಟ್ಟಿ ಕಿಟಕಿಯಿಂದ ಮೇಲಕ್ಕೆಳೆದುಕೊಳ್ಳುತ್ತಾರೆ. ಅವರ ತಂಗಿ ಇರುವ ಬೀದಿಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ ಮಾರಾಟಕ್ಕಿತ್ತು. ಉಳಿತಾಯ ಸಾಲದು. ಕೊರತೆ ತುಂಬಲು ಅವರಿಗಿದ್ದದ್ದು ಗೋಡೆಯ ಮೇಲಿನ ಆ ಒಂದು ಜಲವರ್ಣ ಚಿತ್ರ.

ಅದನ್ನು ಬರೆದವರು ನಮ್ಮ ಕಣಿವೆಯನ್ನು ಬಿಟ್ಟು ಬೇರೇನನ್ನೂ ಬರೆಯದ ಚಿತ್ರಗಾರರು. ಬದುಕಿದ್ದಾಗ ಅವರನ್ನು ಕೇಳುವವರಿರಲಿಲ್ಲ. ಸತ್ತು ಹತ್ತು ವರ್ಷವಾದ ಮೇಲೆ, ಕಣಿವೆ ಬಿಟ್ಟು ಹೋಗಿ ನಾಲ್ಕು ಕಾಸು ಕಂಡವರೆಲ್ಲ ಹರಾಜಿನಲ್ಲಿ ಕೈಯೆತ್ತತೊಡಗಿದರು. ತಜ್ಞ ನಮಗೆ ವಿವರಿಸಿದ್ದು ಮೀನು ಮಾರುವವರ ಧಾಟಿಯಲ್ಲಿ. ನದಿ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಅರ್ಧ. ಬೆಳಗಿನ ಬೆಳಕಿಗೆ ಗಿರಾಕಿ ಹೆಚ್ಚು. ಚಿತ್ರಗಾರರ ಕೈ ನಡುಗುವುದಕ್ಕೆ ಮುಂಚಿನ ವರ್ಷಗಳದ್ದಾದರೆ ಇನ್ನೂ ಒಳ್ಳೆಯದು. ಇಂಥದ್ದೇ ಜಾಗ ಎಂದು ಗುರುತು ಸಿಕ್ಕಿತೋ, ಅಲ್ಲಿ ಆಡಿ ಬೆಳೆದ ಇಬ್ಬರಾದರೂ ಜಿದ್ದಿಗೆ ಬೀಳುತ್ತಾರೆ. ಟೀಚರಮ್ಮನದರಲ್ಲಿ ನದಿ ಇತ್ತು, ಬೆಳಗೂ ಇತ್ತು. ಸಹಿ ಇರಲಿಲ್ಲ.

ಅವತ್ತೊಂದು ದಿನಕ್ಕೆಂದು ನಾನು ಚಿತ್ರವನ್ನು ಅವರ ಗೋಡೆಯಿಂದ ಇಳಿಸಿ ಅಂಗಡಿಗೆ ತಂದಿದ್ದೆ. ತಜ್ಞ ಭೂತಗನ್ನಡಿಯನ್ನು ಕೆಳ ಅಂಚಿನ ಉದ್ದಕ್ಕೂ ಸರಿಸಿ, ಯಾರೋ ಎರಡು ಬೆರಳಗಲ ಕತ್ತರಿಸಿದ್ದಾರೆ ಎಂದ.

"ಯಾರೋ ಅಲ್ಲ, ನಾನೇ," ಎಂದರು ಅಪ್ಪ.

ಇಪ್ಪತ್ತಾರು ವರ್ಷದ ಹಿಂದೆ ಟೀಚರಮ್ಮ ಚಿತ್ರಕ್ಕೆ ಕಟ್ಟು ಹಾಕಿಸಲು ತಂದಾಗ, ಬೇರೆ ಯಾರೋ ಮಾಡಿಸಿ ಒಯ್ಯದೆ ಬಿಟ್ಟ ಫ್ರೇಮ್ ಅಂಗಡಿಯಲ್ಲಿತ್ತು. ಕಮ್ಮಿಯಲ್ಲಿ ಆಗಲಿ ಎಂದು ಅಪ್ಪ ಚಿತ್ರವನ್ನು ಹಿಂದೆ ಅಂಟಿದ್ದ ರಟ್ಟಿನಿಂದ ಬಿಡಿಸಿ, ಚಿತ್ರವನ್ನೇ ಆ ಫ್ರೇಮಿನ ಅಳತೆಗೆ ತಂದರು. ಉಪಕಾರ ಮಾಡಿದೆನೆಂದೇ ತಿಳಿದಿದ್ದರು.

ತಜ್ಞ ಒಂದು ದಾರಿ ಹೇಳಿದ. ಚಿತ್ರಗಾರರು ಪ್ರತಿ ಚಿತ್ರವನ್ನೂ ದಪ್ಪ ರಟ್ಟಿಗೆ ಅಂಟಿಸಿ, ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಜಾಗ, ದಿನ, ಚಿತ್ರದ ಬಗ್ಗೆ ಒಂದು ಮಾತು ಬರೆದು, ಮೇಲೆ ಕಂದು ಕಾಗದ ಹಚ್ಚುತ್ತಿದ್ದರಂತೆ. ಆ ರಟ್ಟು ಸಿಕ್ಕಿ, ಅದರ ಅಂಟಿನ ಗುರುತು ಚಿತ್ರದ ಬೆನ್ನಿಗೆ ಹೊಂದಿದರೆ ಸಹಿಯೇ ಬೇಕಿಲ್ಲ. ಗುರುವಾರ ಹರಾಜಿನ ಪಟ್ಟಿ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಸಿಗದಿದ್ದರೆ "ಅದೇ ಶೈಲಿಯ ಚಿತ್ರ" ಎಂದು ಅಚ್ಚಾಗುತ್ತದೆ; ಬಂದ ದುಡ್ಡಿನಲ್ಲಿ ಬಾಗಿಲಿನ ಚಿಲಕ ಕೊಳ್ಳಬಹುದು, ಮನೆಯಲ್ಲ.

ಅಪ್ಪ ರಟ್ಟು ಬಿಸಾಡಿದವರಲ್ಲ. ಮೂಲೆ ಬಾಗಿದ್ದರೆ ಬಾಗಿದ್ದಷ್ಟನ್ನು ಕೊಯ್ದು, ಉಳಿದದ್ದನ್ನು ಮುಂದಿನ ಗಿರಾಕಿಯ ಫ್ರೇಮಿನ ಬೆನ್ನಿಗೆ ಹಾಕುವುದು ಅವರ ಪದ್ಧತಿ. ಈ ರಟ್ಟು ಹೋದದ್ದು ಯಾರ ಫ್ರೇಮಿಗೆ? ಎರಡನೇ ದಿನ ಸಂಜೆ, ಬಾಗಿಲಲ್ಲಿ ನಿಂತಿದ್ದ ಅಪ್ಪ ತಿರುಗಿ, ಅಷ್ಟು ದಪ್ಪ ರಟ್ಟನ್ನು ಫೋಟೋಗೆ ಹಾಕುವುದಿಲ್ಲ, ಕನ್ನಡಿಗೆ ಹಾಕಿರಬೇಕು ಎಂದರು.

ಆ ವರ್ಷದ ಕನ್ನಡಿಗಳಲ್ಲಿ ಅಪ್ಪನಿಗೆ ನೆನಪಿದ್ದವು ಮೂರು. ಬುಧವಾರ ಅಂಗಡಿ ತೆರೆಯದೆ ಹೊರಟೆ. ದರ್ಜಿಯ ಕನ್ನಡಿ ಒಡೆದು ಹೋಗಿ ಯಾವ ಕಾಲವಾಗಿತ್ತೋ. ವಸತಿಗೃಹದ ಮ್ಯಾನೇಜರು ನನ್ನನ್ನು ಒಂದು ಗಂಟೆ ಕೂರಿಸಿ, ಕೊನೆಗೆ ತೋರಿಸಿದ ಕನ್ನಡಿಯ ಹಿಂದೆ ಬರೀ ಪ್ಲೈವುಡ್. ಕ್ಷೌರದಂಗಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಒಬ್ಬರ ಅರ್ಧ ಮುಖ ಆಗಿತ್ತು, ಇನ್ನರ್ಧ ನೊರೆ.

"ಕನ್ನಡಿ ಬಿಚ್ಚಿದ್ರೆ ಇವರು ಯಾರನ್ನ ನಂಬೋದು?" ಎಂದ ಕ್ಷೌರಿಕ.

"ನಿನ್ನನ್ನಂತೂ ನಂಬಿಲ್ಲ, ಬಿಚ್ಚು," ಎಂದರು ನೊರೆಯೊಳಗಿನವರು.

ಮೊಳೆಗಳು ತುಕ್ಕು ಹಿಡಿದಿದ್ದವು. ಕನ್ನಡಿಯನ್ನು ಬೆಂಚಿನ ಮೇಲೆ ಕವುಚಿ ರಟ್ಟು ತೆಗೆದೆ. ಒಂದು ಮುಖದಲ್ಲಿ ನಾಲ್ಕು ಮೂಲೆಯಲ್ಲೂ ಹಳದಿ ಅಂಟು. ತಿರುಗಿಸಿ ಕಂದು ಕಾಗದ ಸುಲಿದರೆ ಪೆನ್ಸಿಲ್ ಅಕ್ಷರ. ಒಂದು ಅಕ್ಷರವೂ ಅಳಿಸಿರಲಿಲ್ಲ.

"ನದಿ ತಿರುವು, ಹಳೇ ದೋಣಿಕಟ್ಟೆಯಿಂದ. ಬೆಳಿಗ್ಗೆ." ಕೆಳಗೆ ತಾರೀಕು. ಅದರ ಕೆಳಗೆ: "ಮೋಡ ಕೆಟ್ಟಿತು. ಇಟ್ಟುಕೊಳ್ಳುವಂಥದ್ದಲ್ಲ. ಯಾರಿಗಾದರೂ ಕೊಟ್ಟುಬಿಡುವುದು."

ರಸ್ತೆಯಲ್ಲೇ ನಿಂತು ತಜ್ಞನಿಗೆ ಫೋಟೋ ಕಳಿಸಿದೆ. ಅವನ ಫೋನು ತಕ್ಷಣ ಬಂತು. ರಟ್ಟಿಲ್ಲದಿದ್ದರೆ ಸಿಗುತ್ತಿದ್ದ ಬೆಲೆಯ ಎಂಟರಷ್ಟಕ್ಕೆ ಕಮ್ಮಿಯಿಲ್ಲ ಎಂದ. ತಮ್ಮನ್ನೇ ಬೈದುಕೊಳ್ಳುವ ಕಲಾವಿದರೆಂದರೆ ಕೊಳ್ಳುವವರಿಗೆ ಬಲು ಪ್ರೀತಿಯಂತೆ. ಕೊನೆಯ ಸಾಲುಗಳನ್ನು ಬಿಟ್ಟು ಅಚ್ಚು ಹಾಕಬಹುದೇ ಎಂದು ಕೇಳಿದೆ. ಮುಚ್ಚಿಟ್ಟರೆ ಅನುಮಾನ ಬರುತ್ತದೆ, ಪೂರ್ತಿ ಹಾಕಬೇಕು, ಇಲ್ಲವೇ ಬೇಡ. ಒಡತಿಯ ಒಪ್ಪಿಗೆಯ ಸಹಿ ಸಂಜೆಯೊಳಗೆ ಬೇಕು ಎಂದ.

ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚಿತ್ರಗಾರರ ಮಗಳಿಗೆ ಟೀಚರಮ್ಮ ಎರಡು ವರ್ಷ ಸಂಜೆ ಕೂತು ಪಾಠ ಹೇಳಿಕೊಟ್ಟಿದ್ದರು. ಅದಕ್ಕೆ ಚಿತ್ರಗಾರರು ಈ ಚಿತ್ರ ತಂದುಕೊಟ್ಟು, ನಿಮಗಾಗಿಯೇ ಬರೆದೆ ಎಂದಿದ್ದರು. ಆ ಮಾತನ್ನು ಟೀಚರಮ್ಮನ ಬಾಯಲ್ಲಿ ಕೇಳದ ನೆಂಟರಿಲ್ಲ, ವಿದ್ಯಾರ್ಥಿಗಳಿಲ್ಲ. ಅವರ ಕಟ್ಟಡದ ಬಾಗಿಲಿಗೆ ಹೋಗಿ, ಹತ್ತದೆ ಅಂಗಡಿಗೆ ವಾಪಸು ಬಂದೆ. ಅಪ್ಪ ಓದಿ, ರಟ್ಟನ್ನು ಮೇಜಿನ ಮೇಲೆ ಬೋರಲಾಗಿಟ್ಟರು. ಆವತ್ತೇ ಓದಿದ್ದರೆ ಒಲೆಗೆ ಹಾಕುತ್ತಿದ್ದೆ ಎಂದರು. ಆಮೇಲೆ, ಅವರ ಕಾಲು ಅವರದು, ನಾವು ಯಾರು ತೀರ್ಮಾನ ಮಾಡಲು ಎಂದರು.

ರಟ್ಟು ಎತ್ತಿಕೊಂಡು ಮೂರು ಮಹಡಿ ಹತ್ತಿದೆ. ಟೀಚರಮ್ಮ ಕನ್ನಡಕವನ್ನು ಕೈಯಲ್ಲಿ ಹಿಡಿದು, ಅಕ್ಷರಗಳ ಮೇಲೆ ಸರಿಸುತ್ತ ಓದಿದರು. ಎರಡು ಸಲ ಓದಿರಬೇಕು. ಬೆಲೆ ಹೇಳಿದೆ, ಪೂರ್ತಿ ಅಚ್ಚಾಗುವುದನ್ನೂ ಹೇಳಿದೆ. ಅವರು ಗೋಡೆಯ ಕಡೆ ನೋಡಲಿಲ್ಲ.

"ಸಹಿ ಎಲ್ಲಿ?" ಎಂದರು. ತೋರಿಸಿದೆ. ಹಾಕಿದರು.

"ಈಗಲೇ ತಗೊಂಡು ಹೋಗು."

ನಾಳೆ ಹರಾಜು ಸಂಸ್ಥೆಯದೇ ಗಾಡಿ ಬರುತ್ತದೆ, ಜೋಪಾನವಾಗಿ ಒಯ್ಯುತ್ತಾರೆ ಎಂದೆ.

"ನಿನ್ನೆ ತನಕ ಇದನ್ನ ಕೊಡೋಕೆ ಹೊಟ್ಟೆ ಉರೀತಿತ್ತು ಕಣೆ. ಈಗ ಇಲ್ಲ. ಆದ್ರೆ ರಾತ್ರಿ ಪೂರ್ತಿ ಇದರ ಎದುರು ಕೂರೋಕೆ ನನ್ನ ಕೈಲಾಗಲ್ಲ."

ಹಳೇ ಸೀರೆಯಲ್ಲಿ ಚಿತ್ರವನ್ನು ಸುತ್ತಿ ಇಳಿಯತೊಡಗಿದೆ. ಎರಡನೇ ಮಹಡಿಯ ತಿರುವಿಗೆ ಬಂದಾಗ ಮೇಲಿನಿಂದ ಧ್ವನಿ.

"ಏ ಹುಡುಗಿ. ಆ ಮೋಡ ನಿಜವಾಗ್ಲೂ ಕೆಟ್ಟಿದೆಯೇನೆ?"

ಆ ಚಿತ್ರದ ಅಂಚು, ಗಾಜು, ಮೊಳೆ ಎಲ್ಲ ನನಗೆ ಗೊತ್ತಿತ್ತು. ಮೋಡ ನೋಡಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಸೀರೆ ಬಿಚ್ಚಿ, ಜಾಲಂದರದ ಬೆಳಕಿಗೆ ಹಿಡಿದೆ. ಎಡಗಡೆ ಬೂದುಬಣ್ಣ ಗುಡ್ಡದೊಳಕ್ಕೆ ಇಳಿದಿತ್ತು. ತಪ್ಪೋ, ಬೇಕೆಂದೇ ಬಿಟ್ಟದ್ದೋ.

"ಗೊತ್ತಾಗ್ತಿಲ್ಲ ಟೀಚರ್."

"ಐದನೇ ಕ್ಲಾಸಲ್ಲೂ ಇದೇ ಉತ್ತರ ನಿಂದು."

ಮೇಲೆ ಚಪ್ಪಲಿಯ ಸದ್ದು. ನಾನು ಬೇಡವೆನ್ನುವಷ್ಟರಲ್ಲಿ ಅವರು ಕಂಬಿಗೆ ಎರಡೂ ಕೈ ಕೊಟ್ಟು, ಅಡ್ಡಡ್ಡಲಾಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಬಂದು ನನ್ನ ಪಕ್ಕ ಕೂತರು. ಉಸಿರು ಹತೋಟಿಗೆ ಬರಲು ಹೊತ್ತು ಹಿಡಿಯಿತು. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಆ ಬೂದುಬಣ್ಣದ ಹತ್ತಿರ ಬೆರಳು ತಂದರು, ಮುಟ್ಟಲಿಲ್ಲ.

"ಒಣಗೋಕೆ ಬಿಟ್ಟಿಲ್ಲ. ಆತುರ ಪಟ್ಟಿದ್ದಾನೆ," ಎಂದರು. ಆವರೆಗೆ ಆ ಚಿತ್ರಗಾರರನ್ನು ಅವರು ಏಕವಚನದಲ್ಲಿ ಕರೆದದ್ದು ನಾನು ಕೇಳಿರಲಿಲ್ಲ.

ಸೀರೆಯನ್ನು ಅವರೇ ಸುತ್ತಿದರು, ನಾನು ಸುತ್ತಿದ್ದಕ್ಕಿಂತ ಬಿಗಿಯಾಗಿ. ಆಮೇಲೆ ತಲೆಯೆತ್ತಿ ಇಳಿದು ಬಂದ ಮೆಟ್ಟಿಲುಗಳನ್ನು ನೋಡಿದರು.

"ಈಗ ನನ್ನನ್ನ ಹತ್ತಿಸು," ಎಂದರು.

ಚಿತ್ರವನ್ನು ಗೋಡೆಗೆ ಒರಗಿಸಿ, ಅವರಿಗೆ ಹೆಗಲು ಕೊಟ್ಟೆ.